ಹೊಲದವರೆಗೂ ದಾರಿ

(ಕ್ಯಾಸಂಬಳ್ಳಿಯಲ್ಲಿ ನಡೆದ ಮಾಸಿಕ ಶರಣ ಸಂಗಮದಲ್ಲಿ ನಿವೃತ್ತ ಸರ್ಕಾರಿ ಇಂಜಿನಿಯರ್ ಒಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳು ಕಾಯಕದ ವಿಚಾರವಾಗಿ ನಾಲ್ಕು ಮಾತು ಆಡಬೇಕೆಂದು ಸಂಘಟಕರು ನನ್ನನ್ನು ಕೇಳಿದರು. ಕಾಯಕ ತತ್ವವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲೇ ಬೇಕಾದಷ್ಟು ಜನ ಇದ್ದೀರಿ. ನಾನು ಸರ್ಕಾರದಲ್ಲಿ ಇಂಜಿನಿಯರ್ ಆಗಿದ್ದವನು. ರಸ್ತೆ, ಮೋರಿ, ಸೇತುವೆ ನನ್ನ ಕಾಯಕ. ಹಾಗಾಗಿ ನನಗೆ ಗೊತ್ತಿರುವ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಹಳ್ಳಿಯ ರಸ್ತೆಗೂ ರೈತನ ಬದುಕಿಗೂ ಏನು ಸಂಬಂಧ, ರಸ್ತೆ ಬಂದರೆ ಬೇಸಾಯ ಉದ್ಧಾರವಾಗುತ್ತದೆಯೇ ಎಂಬುದು ಇವತ್ತಿನ ಪ್ರಶ್ನೆ.

ನಮ್ಮ ಶರಣರಲ್ಲಿ ಅಂಬಿಗರ ಚೌಡಯ್ಯನವರು ಜನರನ್ನು ಹೊಳೆ ದಾಟಿಸುವ ಕಾಯಕದವರು. ಒಕ್ಕಲಿಗ ಮುದ್ದಣ್ಣನವರು ಹೊಲ ಉಳುವ ಕಾಯಕದವರು. ಬೆಳೆಯುವವನೂ ಬೇಕು, ಬೆಳೆದದ್ದನ್ನು ದಾಟಿಸುವವನೂ ಬೇಕು. ಒಬ್ಬನ ಕಾಯಕ ಇನ್ನೊಬ್ಬನಿಲ್ಲದೆ ಪೂರ್ತಿಯಾಗುವುದಿಲ್ಲ. ಅನುಭವ ಮಂಟಪದಲ್ಲಿ ಇಬ್ಬರಿಗೂ ಒಂದೇ ಗೌರವ ಇತ್ತು ಎಂಬುದನ್ನು ನೆನೆದು ವಿಷಯಕ್ಕೆ ಬರುತ್ತೇನೆ.

ಚಿನ್ನಕ್ಕೆ ಬಂದ ರೈಲು

ನಮ್ಮ ಸೀಮೆಯ ಕಥೆ ನಿಮಗೆಲ್ಲ ಗೊತ್ತು. ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದ ಬಂಗಾರಪೇಟೆಯಿಂದ ಗಣಿಯ ಕಡೆಗೆ ೧೮೯೪ರಲ್ಲೇ ರೈಲು ಓಡಿತು. ೧೯೦೨ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗಳಿಗಿಂತ ಮೊದಲು ಕೋಲಾರದ ಗಣಿಗೆ ಕರೆಂಟು ಬಂತು. ಕುಡಿಯುವ ನೀರಿಗೆ ಬೇತಮಂಗಲದ ಕೆರೆಯಿಂದ ಕೊಳವೆ ಹಾಕಿದರು. ಒಂದು ಕಡೆ ಬೇಕು ಎಂದು ಮನಸ್ಸು ಮಾಡಿದರೆ ಎಷ್ಟೆಲ್ಲ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಅದೇ ಕಾಲದಲ್ಲಿ ಗಣಿಯ ಬೇಲಿಯಾಚೆ ಇದ್ದ ನಮ್ಮ ಹಳ್ಳಿಗಳಿಗೆ ಇದ್ದದ್ದು ಬಂಡಿ ಜಾಡು. ಮಳೆ ಬಂದರೆ ಕೆಸರು, ಬಿಸಿಲಾದರೆ ಧೂಳು. ಚಿನ್ನಕ್ಕೆ ತೂಕ ಕಡಿಮೆ, ಬೆಲೆ ಹೆಚ್ಚು, ನೂರು ವರ್ಷ ಇಟ್ಟರೂ ಕೆಡುವುದಿಲ್ಲ. ನಮ್ಮ ಬೆಳೆಗೆ ತೂಕ ಹೆಚ್ಚು, ಬೆಲೆ ಕಡಿಮೆ, ಎರಡು ದಿನ ಇಟ್ಟರೆ ಕೊಳೆಯುತ್ತದೆ. ನಿಜವಾಗಿ ನೋಡಿದರೆ ಒಳ್ಳೆಯ ದಾರಿಯ ಅಗತ್ಯ ತರಕಾರಿಗೇ ಹೆಚ್ಚು. ಆದರೆ ದಾರಿ ಹೋದದ್ದು ಹಣ ಇದ್ದ ಕಡೆಗೆ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಬೇಸಾಯ ಮಾತ್ರ ಇನ್ನೂ ನಡೆಯುತ್ತಿದೆ.

ದೇಶದ ಮಟ್ಟದಲ್ಲೂ ಹೀಗೆಯೇ. ೧೯೪೩ರಲ್ಲಿ ದೇಶದ ಮುಖ್ಯ ಇಂಜಿನಿಯರುಗಳು ನಾಗಪುರದಲ್ಲಿ ಸೇರಿ ಇಪ್ಪತ್ತು ವರ್ಷದ ರಸ್ತೆ ಯೋಜನೆ ಮಾಡಿದರು. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಇತರೆ ಜಿಲ್ಲಾ ರಸ್ತೆ ಎಂದು ವಿಂಗಡಿಸಿ, ಕೊನೆಯಲ್ಲಿ ಗ್ರಾಮ ರಸ್ತೆಯನ್ನು ಇಟ್ಟರು. ಪಟ್ಟಿಯಲ್ಲಿ ಕೊನೆಗಿದ್ದದ್ದು ಹಣ ಹಂಚುವಾಗಲೂ ಬಹುಕಾಲ ಕೊನೆಗೇ ಉಳಿಯಿತು. ೨೦೦೦ದ ಡಿಸೆಂಬರ್ ೨೫ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾದ ಮೇಲೆ ಪರಿಸ್ಥಿತಿ ಬದಲಾಯಿತು. ಬಯಲು ಸೀಮೆಯಲ್ಲಿ ೫೦೦ಕ್ಕೂ ಹೆಚ್ಚು ಜನ ಇರುವ, ರಸ್ತೆ ಇಲ್ಲದ ಪ್ರತಿಯೊಂದು ಊರಿಗೂ ಸರ್ವಋತು ರಸ್ತೆ ಎಂಬುದು ಅದರ ಗುರಿ. ಇದುವರೆಗೆ ಆ ಯೋಜನೆಯಲ್ಲಿ ದೇಶದಾದ್ಯಂತ ೭ ಲಕ್ಷ ಕಿ.ಮೀ.ಗೂ ಹೆಚ್ಚು ರಸ್ತೆ ಆಗಿದೆ. ನಮ್ಮ ರಾಜ್ಯದಲ್ಲಿ ಅದರ ಜೊತೆಗೆ ನಮ್ಮ ಗ್ರಾಮ ನಮ್ಮ ರಸ್ತೆ ಯೋಜನೆ ಬಂತು. ೨೦೧೯ರಲ್ಲಿ ಕೇಂದ್ರದ ಯೋಜನೆಯ ಮೂರನೇ ಹಂತ ಬಂದಾಗ ಊರಿನಿಂದ ಮಾರುಕಟ್ಟೆಗೆ, ಪ್ರೌಢಶಾಲೆಗೆ, ಆಸ್ಪತ್ರೆಗೆ ಹೋಗುವ ೧,೨೫,೦೦೦ ಕಿ.ಮೀ. ರಸ್ತೆಯನ್ನು ಮೇಲ್ದರ್ಜೆಗೆ ಏರಿಸುವ ಗುರಿ ಇಟ್ಟರು. ಇವೆಲ್ಲ ದೊಡ್ಡ ಕೆಲಸಗಳು. ನನ್ನಂಥವರ ಬದುಕು ಸಾರ್ಥಕವಾದದ್ದು ಇಂಥ ಕೆಲಸಗಳಲ್ಲಿ.

ಹಾಲು, ಗೂಡು, ಟೊಮೆಟೊ

ರಸ್ತೆಯಿಂದ ಏನಾಯಿತು ಎಂದು ತಿಳಿಯಲು ಪುಸ್ತಕ ಓದಬೇಕಿಲ್ಲ. ನಮ್ಮ ಮನೆಗಳಲ್ಲೇ ಇರುವ ಮೂರು ವಸ್ತುಗಳನ್ನು ನೋಡಿದರೆ ಸಾಕು.

ಮೊದಲನೆಯದು ಹಾಲು. ಕರೆದ ಹಾಲು ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ದಿನಕ್ಕೆ ಎರಡು ಹೊತ್ತು, ವರ್ಷದ ೩೬೫ ದಿನವೂ, ಹಬ್ಬವಿರಲಿ ಮಳೆಯಿರಲಿ, ಡೇರಿಯ ಹಾಲು ಊರಿನಿಂದ ಹೊರಗೆ ಹೋಗಲೇಬೇಕು. ರಸ್ತೆ ಇಲ್ಲದ ಊರಿಗೆ ಹಾಲಿನ ಗಾಡಿ ಬರುವುದಿಲ್ಲ, ಗಾಡಿ ಬಾರದ ಊರಿನಲ್ಲಿ ಹಾಲಿನ ಸಂಘ ನಿಲ್ಲುವುದಿಲ್ಲ. ಕೊಳವೆ ಬಾವಿ ಸಾವಿರ ಅಡಿ ಇಳಿದರೂ ನೀರು ಕಾಣದ ಬರಗಾಲದ ವರ್ಷಗಳಲ್ಲಿ ಈ ಜಿಲ್ಲೆಯ ಎಷ್ಟೋ ಮನೆಗಳ ಒಲೆ ಆರದಂತೆ ನೋಡಿಕೊಂಡದ್ದು ಎರಡು ಸೀಮೆಹಸುಗಳು. ಆ ಹಸುಗಳ ಹಿಂದೆ ಇದ್ದದ್ದು ತಾಯಂದಿರ ದುಡಿಮೆ. ಅವರ ದುಡಿಮೆಯನ್ನು ಪೇಟೆಗೆ ತಲುಪಿಸಿದ್ದು ಹಳ್ಳಿಯ ರಸ್ತೆ.

ಎರಡನೆಯದು ರೇಷ್ಮೆ ಗೂಡು. ಹುಳು ಗೂಡು ಕಟ್ಟಿದ ಐದಾರು ದಿನಕ್ಕೆ ಗೂಡು ಬಿಡಿಸುತ್ತೇವೆ. ಹತ್ತು ಹನ್ನೆರಡು ದಿನಕ್ಕೆಲ್ಲ ಒಳಗಿನ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ನಡುವೆ ಇರುವುದು ಕೆಲವೇ ದಿನ, ಅದರಲ್ಲೂ ದಿನ ಕಳೆದಂತೆ ಗೂಡಿನ ತೂಕ ಇಳಿಯುತ್ತದೆ. ಶಿಡ್ಲಘಟ್ಟಕ್ಕೆ ಹೋಗಬೇಕೋ, ರಾಮನಗರಕ್ಕೆ ಹೋಗಬೇಕೋ, ಎಲ್ಲಿ ಒಳ್ಳೆಯ ದರ ಇದೆ ಎಂದು ವಿಚಾರಿಸಿ ಅಲ್ಲಿಗೆ ಒಯ್ಯುವ ಶಕ್ತಿ ರೈತನಿಗೆ ಬಂದದ್ದು ಮನೆಯ ಮುಂದೆ ಗಾಡಿ ನಿಲ್ಲುವಂತಾದ ಮೇಲೆ. ಅದಕ್ಕೆ ಮುಂಚೆ ಊರಿಗೆ ಬಂದ ದಲ್ಲಾಳಿ ಹೇಳಿದ್ದೇ ಬೆಲೆ.

ಮೂರನೆಯದು ಟೊಮೆಟೊ. ಕೋಲಾರದ ಎಪಿಎಂಸಿ ದೇಶದ ಅತಿ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ, ಗಡಿಯಾಚೆಯ ವಿ.ಕೋಟ, ಪಲಮನೇರು ಹೀಗೆ ನಮ್ಮ ರೈತನಿಗೆ ಮೂರು ದಿಕ್ಕಿಗೂ ಮಂಡಿ ಇವೆ. ೨೦೨೩ರ ಜುಲೈನಲ್ಲಿ ಹದಿನೈದು ಕೆ.ಜಿ.ಯ ಒಂದು ಬಾಕ್ಸ್ ಕೋಲಾರದಲ್ಲಿ ೨,೦೦೦ ರೂಪಾಯಿ ದಾಟಿದ್ದನ್ನೂ ನೋಡಿದ್ದೇವೆ. ಬೆಲೆ ಬಿದ್ದು, ಕೀಳುವ ಕೂಲಿಯೂ ಹುಟ್ಟದೆ, ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋದದ್ದನ್ನೂ ನೋಡಿದ್ದೇವೆ. ಇಷ್ಟು ಏರಿಳಿತದ ಬೆಳೆಯಲ್ಲಿ ಇವತ್ತು ಕಿತ್ತದ್ದು ಇವತ್ತೇ ಮಂಡಿ ಸೇರುವುದು, ಗುಂಡಿಯಲ್ಲಿ ಕುಲುಕಿ ತಳದ ಬಾಕ್ಸು ನಜ್ಜುಗುಜ್ಜಾಗದೆ ಸೇರುವುದು, ಲಾಭ ನಷ್ಟದ ಪ್ರಶ್ನೆ.

ಜಗತ್ತು ಏನು ಕಂಡಿದೆ?

ಹಿಂದುಳಿದ ದೇಶಗಳಲ್ಲೆಲ್ಲ ಈ ವಿಷಯದ ಮೇಲೆ ಸಾಕಷ್ಟು ಅಧ್ಯಯನ ನಡೆದಿದೆ. ರೈತನ ಮಾತಿನಲ್ಲೇ ಹೇಳಲು ಪ್ರಯತ್ನಿಸುತ್ತೇನೆ.

ವಿಶ್ವಬ್ಯಾಂಕ್‌ನವರು ಒಂದು ಸರಳ ಅಳತೆ ಇಟ್ಟುಕೊಂಡಿದ್ದಾರೆ. ಎಲ್ಲ ಕಾಲದಲ್ಲೂ ಗಾಡಿ ಓಡುವ ರಸ್ತೆಯಿಂದ ೨ ಕಿ.ಮೀ. ಒಳಗೆ, ಅಂದರೆ ಅರ್ಧ ಗಂಟೆಯ ನಡಿಗೆಯೊಳಗೆ, ಎಷ್ಟು ಹಳ್ಳಿಗರು ವಾಸವಿದ್ದಾರೆ ಎಂಬುದು ಅದು. ಈ ಶತಮಾನದ ಆರಂಭದಲ್ಲಿ ಲೆಕ್ಕ ಹಾಕಿದಾಗ ಜಗತ್ತಿನಲ್ಲಿ ಸುಮಾರು ೧೦೦ ಕೋಟಿ ಹಳ್ಳಿಯ ಜನ ಆ ಗೆರೆಯ ಆಚೆ ಇದ್ದರು.

ಇಥಿಯೋಪಿಯಾದ ಹದಿನೈದು ಹಳ್ಳಿಗಳ ಮನೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸರ್ವಋತು ರಸ್ತೆ ಸಿಕ್ಕ ಕಡೆ ಬಡತನದ ಪ್ರಮಾಣ ಶೇಕಡಾ ಏಳರಷ್ಟು ಅಂಶ ಇಳಿದಿತ್ತು. ನಮ್ಮ ದೇಶದಲ್ಲಿ ಫ್ಯಾನ್, ಹೇಜಲ್, ಥೋರಟ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಸರ್ಕಾರ ಹಳ್ಳಿಗಾಗಿ ಮಾಡಿದ ಖರ್ಚುಗಳನ್ನೆಲ್ಲ ಹೋಲಿಸಿ ನೋಡಿದರು. ನೀರಾವರಿ, ವಿದ್ಯುತ್, ಶಿಕ್ಷಣ ಎಲ್ಲಕ್ಕಿಂತ ಹೆಚ್ಚಾಗಿ ಬಡತನ ತಗ್ಗಿಸಿದ ಖರ್ಚು ರಸ್ತೆಯದು ಎಂದು ಅವರು ೧೯೯೯ರಲ್ಲಿ ಬರೆದರು.

ಇಷ್ಟು ಕೇಳಿದರೆ ನಮಗೆ ಖುಷಿಯಾಗುತ್ತದೆ. ಆದರೆ ೨೦೨೦ರಲ್ಲಿ ಆಶರ್ ಮತ್ತು ನೊವೊಸಾದ್ ಎಂಬ ಇಬ್ಬರು ಪ್ರಕಟಿಸಿದ ಅಧ್ಯಯನ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ನಮ್ಮದೇ ಗ್ರಾಮ ಸಡಕ್ ಯೋಜನೆಯ ರಸ್ತೆ ಬಂದ ಸಾವಿರಾರು ಊರುಗಳನ್ನು, ಬಾರದ ಊರುಗಳ ಜೊತೆ ಇಟ್ಟು ನೋಡಿದಾಗ ಅವರಿಗೆ ಕಂಡದ್ದು ಇದು: ರಸ್ತೆ ಬಂದ ಮೇಲೆ ಜನ ಬೇಸಾಯ ಬಿಟ್ಟು ಹೊರಗಿನ ಕೂಲಿಗೆ ಹೋಗುವುದು ಹೆಚ್ಚಾಯಿತು, ಬೇಸಾಯದಲ್ಲಿ ಮಾತ್ರ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಅಂದರೆ ಬೆಳೆ ಹೊರಗೆ ಹೋಗಲಿ ಎಂದು ಮಾಡಿದ ರಸ್ತೆಯಲ್ಲಿ ಬೆಳೆಯುವವನೇ ಹೊರಗೆ ಹೋದ.

ಇದು ನಮಗೆ ಹೊಸದೇನಲ್ಲ. ಬೆಳಗಿನ ಜಾವ ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ರೈಲುಗಳನ್ನು ನೋಡಿ. ಕಾಲಿಡಲು ಜಾಗ ಇರುವುದಿಲ್ಲ. ಗಣಿ ಕಾರ್ಮಿಕರ ಮಕ್ಕಳ ಜೊತೆ ರೈತರ ಮಕ್ಕಳೂ ಅದರಲ್ಲಿದ್ದಾರೆ. ದುಡಿಯಲು ಹೋಗುವುದು ತಪ್ಪಲ್ಲ. ಯಾವ ದುಡಿಮೆಯೂ ಕೀಳಲ್ಲ ಎಂದು ಹೇಳಿಕೊಟ್ಟ ಪರಂಪರೆ ನಮ್ಮದು. ಹೋಗುವವನು ಇಷ್ಟಪಟ್ಟು ಹೋಗುತ್ತಿದ್ದಾನೆಯೇ, ಹೊಲದಲ್ಲಿ ಗಿಟ್ಟುವುದಿಲ್ಲ ಎಂದು ಬೇಸತ್ತು ಹೋಗುತ್ತಿದ್ದಾನೆಯೇ ಎಂಬುದನ್ನು ನಾವು ಕೇಳಿಕೊಳ್ಳಬೇಕು.

ರಸ್ತೆ ಊರಿಗೆ ಬಂದರೂ ಬೇಸಾಯ ಯಾಕೆ ಗಿಟ್ಟುತ್ತಿಲ್ಲ? ನೀರು, ಬೀಜ, ಬೆಲೆ, ಸಾಲ, ಕಾರಣ ಬಹಳ. ಇಂಜಿನಿಯರ್ ಆಗಿ ನಾನು ನೋಡಬಲ್ಲ ಕಾರಣ ಒಂದಿದೆ. ಆಫ್ರಿಕಾದ ಘಾನಾ ದೇಶದ ಅಶಾಂಟಿ ಸೀಮೆಯಲ್ಲಿ ೧೯೮೦ರ ದಶಕದ ಆರಂಭದಲ್ಲಿ ಒಂದು ಅಧ್ಯಯನ ನಡೆಯಿತು. ಇರುವ ಮಣ್ಣು ರಸ್ತೆಯನ್ನು ಒಳ್ಳೆಯ ಜಲ್ಲಿ ರಸ್ತೆ ಮಾಡಿದರೆ ರೈತನಿಗೆ ಸಿಗುವ ಲಾಭ ಎಷ್ಟು, ತಲೆಹೊರೆ ಹೊತ್ತು ಹೋಗುವ ಕಾಲುದಾರಿಯಲ್ಲಿ ಗಾಡಿ ಓಡುವಂತೆ ಮಾಡಿದರೆ ಸಿಗುವ ಲಾಭ ಎಷ್ಟು ಎಂದು ಹೋಲಿಸಿದರು. ಅಷ್ಟೇ ಉದ್ದದ ದಾರಿಗೆ ಎರಡನೆಯದರ ಲಾಭ ನೂರು ಪಟ್ಟಿನ ಆಸುಪಾಸಿನಲ್ಲಿತ್ತು. ನಮ್ಮ ಕೆಲಸ ಎಲ್ಲಿ ಅರ್ಧಕ್ಕೆ ನಿಂತಿದೆ ಎಂಬುದು ಈ ಒಂದು ಮಾತಿನಲ್ಲಿದೆ. ಊರಿನವರೆಗೆ ಡಾಂಬರು ಬಂತು. ಊರಿನಿಂದ ಹೊಲದವರೆಗೆ ಇನ್ನೂ ತಲೆಹೊರೆಯೇ.

ನೂರು ಬಾಕ್ಸಿನ ಲೆಕ್ಕ

ಒಂದು ಲೆಕ್ಕ ಹಾಕೋಣ. ಡಾಂಬರು ರಸ್ತೆಯಿಂದ ೬೦೦ ಮೀಟರ್ ಒಳಗೆ ಒಬ್ಬ ರೈತನ ಟೊಮೆಟೊ ತೋಟ ಇದೆ ಎಂದುಕೊಳ್ಳಿ. ಇವತ್ತು ೧೦೦ ಬಾಕ್ಸ್ ಕಿತ್ತಿದ್ದಾನೆ, ಅಂದರೆ ಒಂದೂವರೆ ಟನ್. ಟೆಂಪೊ ತೋಟದವರೆಗೆ ಬರುವುದಿಲ್ಲ. ಒಬ್ಬ ಆಳು ಒಂದು ಬಾಕ್ಸ್ ಹೊತ್ತು ಬದುವಿನ ಮೇಲೆ ನಡೆದು, ರಸ್ತೆಗೆ ಇಳಿಸಿ, ವಾಪಸು ಬರಲು ಇಪ್ಪತ್ತು ನಿಮಿಷ ಬೇಕು. ನಾಲ್ಕು ಜನ ತಲಾ ೨೫ ಸಲ ಹೊತ್ತರೆ ಎಂಟು ಗಂಟೆಗೂ ಮಿಕ್ಕಿ ಕೆಲಸ. ಅಂದರೆ ನಾಲ್ಕು ಆಳಿನ ಪೂರ್ತಿ ದಿನ. ಆಳಿಗೆ ೫೦೦ ರೂಪಾಯಿ ಎಂದರೆ ೨,೦೦೦ ರೂಪಾಯಿ. ಬಾಕ್ಸಿಗೆ ೨೦ ರೂಪಾಯಿ.

ಬಾಕ್ಸಿಗೆ ೨,೦೦೦ ರೂಪಾಯಿ ಇದ್ದಾಗ ಈ ಇಪ್ಪತ್ತು ಯಾರ ಗಮನಕ್ಕೂ ಬರುವುದಿಲ್ಲ. ಬಾಕ್ಸು ೧೦೦ ರೂಪಾಯಿಗೆ ಇಳಿದಾಗ ಐದರಲ್ಲಿ ಒಂದು ಪಾಲು ಬರೀ ಹೊರುವುದಕ್ಕೇ ಹೋಯಿತು. ಅದರ ಮೇಲೆ ಕೀಳುವ ಕೂಲಿ, ಟೆಂಪೊ ಬಾಡಿಗೆ, ಹಮಾಲಿ, ಕಮಿಷನ್. ರಸ್ತೆ ಬದಿಯ ತೋಟದವನಿಗೆ ಅದೇ ಬೆಲೆಗೆ ನಾಲ್ಕು ಕಾಸು ಉಳಿಯುತ್ತದೆ. ಒಳಗಿನವನು ಹಣ್ಣನ್ನು ಗಿಡದಲ್ಲೇ ಬಿಡುತ್ತಾನೆ. ಮಂಡಿಯಲ್ಲಿ ಇಬ್ಬರಿಗೂ ಒಂದೇ ಬೆಲೆ, ಒಂದೇ ನೀರು, ಒಂದೇ ಮಣ್ಣು. ವ್ಯತ್ಯಾಸ ಆ ೬೦೦ ಮೀಟರಿನದು.

ಈ ಲೆಕ್ಕ ಬರೀ ಟೊಮೆಟೊಗಲ್ಲ. ಗೊಬ್ಬರ ಒಳಗೆ ಹೋಗಬೇಕು. ರಾಗಿ ಕೊಯ್ಯುವ ಯಂತ್ರ ಹೋಗಬೇಕು. ಕೊಳವೆ ಬಾವಿಯ ಮೋಟಾರು ಕೆಟ್ಟರೆ ಪೈಪು ಎತ್ತುವ ಗಾಡಿ ಹೋಗಬೇಕು. ದಾರಿ ಇಲ್ಲದವನು ಹಣ್ಣು ತರಕಾರಿಯ ಯೋಚನೆಯನ್ನೇ ಬಿಟ್ಟು ನೀಲಗಿರಿ ನೆಟ್ಟು ಕೂರುತ್ತಾನೆ, ಇಲ್ಲವೇ ಬೀಳು ಬಿಡುತ್ತಾನೆ. ನಮ್ಮ ಜಿಲ್ಲೆಯಲ್ಲಿ ನೀಲಗಿರಿ ಹಬ್ಬಿದ್ದಕ್ಕೆ ನೀರಿನ ಅಭಾವ, ಆಳಿನ ಅಭಾವ ಕಾರಣ ಎನ್ನುತ್ತೇವೆ. ದಾರಿಯ ಅಭಾವವನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಿ.

ಇವತ್ತು ನಮ್ಮ ತಾಲ್ಲೂಕಿನ ಮೂಲಕ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದುಹೋಗುತ್ತದೆ. ಒಟ್ಟು ಸುಮಾರು ೨೬೦ ಕಿ.ಮೀ., ಅದರಲ್ಲಿ ಸುಮಾರು ೭೧ ಕಿ.ಮೀ. ಕರ್ನಾಟಕದಲ್ಲಿ. ಹೊಸಕೋಟೆ, ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆಯಿಂದ ಆಂಧ್ರಕ್ಕೆ ಹೋಗುತ್ತದೆ. ಕೋಲಾರದ ತರಕಾರಿ ಲಾರಿಗೆ ಅದರಿಂದ ಅನುಕೂಲವಿದೆ. ಆದರೆ ಅದಕ್ಕೆ ಎರಡೂ ಕಡೆ ಬೇಲಿ. ಗೊತ್ತಾದ ಜಾಗದಲ್ಲಿ ಮಾತ್ರ ಹತ್ತಬಹುದು, ಇಳಿಯಬಹುದು. ಟ್ರಾಕ್ಟರಿಗೆ, ಎತ್ತಿನ ಬಂಡಿಗೆ ಪ್ರವೇಶ ಇಲ್ಲ. ಏರಿ ಎತ್ತರಿಸಿ ಮಾಡಿದ ಇಂಥ ರಸ್ತೆಯಲ್ಲಿ ಕೆಳಸೇತುವೆ ಎಲ್ಲಿ ಕೊಡುತ್ತಾರೆ, ಎಷ್ಟು ಅಗಲ ಕೊಡುತ್ತಾರೆ ಎಂಬುದರ ಮೇಲೆ ಆಚೆ ಬದಿಯ ಹೊಲಕ್ಕೆ ಹೋಗುವವನ ಬದುಕು ನಿಂತಿರುತ್ತದೆ. ದೊಡ್ಡ ರಸ್ತೆ ಬರುತ್ತದೆ ಎಂದು ಜಮೀನಿನ ಬೆಲೆ ಏರಿದ್ದನ್ನು ನೋಡಿ ಹಿಗ್ಗಬೇಡಿ. ಬೆಲೆ ಏರಿದ ಲಾಭ ಮಾರಿದವನಿಗೆ ಒಂದು ಸಲ. ಉಳುವವನಿಗೆ ಬೇಕಾದದ್ದು ದಿನ ಬೆಳಗಾದರೆ ಉಪಯೋಗಕ್ಕೆ ಬರುವ ಹತ್ತು ಅಡಿ ದಾರಿ.

ದಾರಿ ಎಲ್ಲಿ ಹೋಯಿತು?

ಈಗ ಕಹಿಯಾದ ಮಾತು. ಹೊಲಕ್ಕೆ ದಾರಿ ಇರಲೇ ಇಲ್ಲವೇ? ಎಷ್ಟೋ ಕಡೆ ಇತ್ತು. ನಿಮ್ಮ ಊರಿನ ಗ್ರಾಮ ನಕಾಶೆ ತೆಗೆದು ನೋಡಿ. ಬಂಡಿ ದಾರಿ, ಕಾಲುದಾರಿ ಚುಕ್ಕೆ ಗೆರೆಯಲ್ಲಿ ಕಾಣುತ್ತವೆ. ನಕಾಶೆಯಲ್ಲಿರುವ ದಾರಿ ನೆಲದ ಮೇಲೆ ಇಲ್ಲ. ಪ್ರತಿ ವರ್ಷ ಉಳುವಾಗ ಒಂದೊಂದು ಸಾಲು ಒಳಗೆ ಹಾಕಿಕೊಂಡು, ಬದು ಸರಿಸಿ, ಕಲ್ಲು ಕಂಬ ನೆಟ್ಟು, ನಾವೇ ನುಂಗಿದ್ದೇವೆ. ಎತ್ತಿನ ಬಂಡಿ ಹೋದ ಮೇಲೆ ಬಂಡಿ ದಾರಿ ಯಾಕೆ ಎಂದುಕೊಂಡೆವು. ಈಗ ಟ್ರಾಕ್ಟರು, ಟೆಂಪೊ ಬಂದಾಗ ದಾರಿ ಇಲ್ಲ.

ಎರಡನೆಯ ಕಾರಣ ಪಾಲು. ನಾಲ್ಕು ಎಕರೆ ನಾಲ್ಕು ಜನ ಅಣ್ಣತಮ್ಮಂದಿರಿಗೆ ಹಂಚಿದಾಗ ರಸ್ತೆಯ ಪಕ್ಕದ ಪಾಲು ಒಬ್ಬನದು, ಹಿಂದಿನ ಮೂರು ಪಾಲಿಗೆ ದಾರಿ ಬಾಯಿಮಾತು. ಅಣ್ಣತಮ್ಮಂದಿರು ಇರುವವರೆಗೆ ಬಾಯಿಮಾತು ನಡೆಯುತ್ತದೆ. ಮಕ್ಕಳ ಕಾಲಕ್ಕೆ ಅದು ಕೋರ್ಟಿಗೆ ಹೋಗುತ್ತದೆ, ಇಲ್ಲವೇ ಮುಂದಿನ ಪಾಲು ಹೊರಗಿನವರಿಗೆ ಮಾರಾಟವಾಗಿ ಗೇಟು ಬೀಳುತ್ತದೆ.

ಮೂರನೆಯದನ್ನು ಈ ಸಭೆಯಲ್ಲಿ ಹೇಳದೆ ಎಲ್ಲಿ ಹೇಳಲಿ? ಸರ್ಕಾರ ದರಖಾಸ್ತಿನಲ್ಲಿ ಬಡವರಿಗೆ, ಅದರಲ್ಲೂ ದಲಿತ ಕುಟುಂಬಗಳಿಗೆ ಕೊಟ್ಟ ಜಮೀನು ಎಲ್ಲಿದೆ? ಬಹುಪಾಲು ಊರಿನ ಅಂಚಿನಲ್ಲಿ, ಗುಡ್ಡದ ಬುಡದಲ್ಲಿ, ಗೋಮಾಳದ ಕೊನೆಯಲ್ಲಿ. ಆ ಜಮೀನು ಕೈತಪ್ಪದಿರಲಿ ಎಂದು ೧೯೭೮ರಲ್ಲಿ ನಮ್ಮ ರಾಜ್ಯ ಕಾಯ್ದೆಯನ್ನೇ ಮಾಡಿತು. ಪತ್ರ ಕೈಯಲ್ಲಿದೆ, ಜಮೀನು ಹೆಸರಿನಲ್ಲಿದೆ, ಹೋಗಲು ದಾರಿ ಇಲ್ಲ. ನಡುವೆ ಇರುವ ಹೊಲಗಳು ನಮ್ಮಂಥವರವು. ನನ್ನ ನೌಕರಿಯ ದಿನಗಳಲ್ಲಿ ಒಂದೂರಿನಲ್ಲಿ ಹೊಲದ ದಾರಿಯ ಅಳತೆಗೆ ನಿಂತಾಗ ದೊಡ್ಡ ಹಿಡುವಳಿದಾರರೊಬ್ಬರು, "ದಾರಿ ಬಿಡೋದಕ್ಕೆ ಅಭ್ಯಂತರ ಇಲ್ಲ ಸಾರ್, ಆದರೆ ಹಿಂದಿನ ಹೊಲದವರು ಯಾರು ಅಂತ ನಿಮಗೆ ಗೊತ್ತಲ್ಲ" ಎಂದರು. ಗೊತ್ತು ಎಂದೆ. ಮುಂದೆ ಅವರೂ ಮಾತಾಡಲಿಲ್ಲ, ದಾರಿಯೂ ಆಗಲಿಲ್ಲ. ಬೆಳಗ್ಗೆ ವಿಭೂತಿ ಧರಿಸಿ, ಮನೆಯ ಗೋಡೆಗೆ ಬಸವಣ್ಣನವರ ಪಟ ಹಾಕಿ, ಹೊಲದ ಬದುವಿನಲ್ಲಿ ಮಾತ್ರ ಹಿಂದಿನವನ ಜಾತಿ ಕೇಳಿ ದಾರಿ ಬಿಡುವುದಾದರೆ ನಾವು ಕಲಿತದ್ದೇನು? ಒಬ್ಬನ ಹೊಲಕ್ಕೆ ಹೋಗುವ ದಾರಿ ಮುಚ್ಚಿದರೆ ಅವನ ಕಾಯಕವನ್ನೇ ಮುಚ್ಚಿದಂತೆ.

ಕಾನೂನೂ ಈ ಮಾತನ್ನು ಒಪ್ಪುತ್ತದೆ. ೧೮೮೨ರ ಈಸ್‌ಮೆಂಟ್ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಜಮೀನು ಭಾಗವಾದಾಗ ಬೇರೆ ದಾರಿಯೇ ಇಲ್ಲದೆ ಉಳಿದ ಪಾಲಿಗೆ ಅಗತ್ಯದ ದಾರಿಯ ಹಕ್ಕು ಇದೆ. ಇಪ್ಪತ್ತು ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿದ ದಾರಿಯೂ ಹಕ್ಕಾಗುತ್ತದೆ. ಆದರೆ ಕೋರ್ಟಿನಲ್ಲಿ ದಾರಿ ಸಿಗುವ ಹೊತ್ತಿಗೆ ಎಷ್ಟು ಬೆಳೆ ಹೋಗಿರುತ್ತದೋ ನಿಮಗೇ ಗೊತ್ತು.

ನೀರಿಗೂ ದಾರಿ ಬೇಕು

ದಾರಿ ಬಿಟ್ಟರೆ ಸಾಲದು, ಅದು ನಿಲ್ಲಬೇಕು. ರಸ್ತೆಯ ಶತ್ರು ಲಾರಿ ಎಂದು ಜನ ತಿಳಿದಿದ್ದಾರೆ. ಹಳ್ಳಿಯ ರಸ್ತೆಗೆ ಅದಕ್ಕಿಂತ ದೊಡ್ಡ ಶತ್ರು ನಿಂತ ನೀರು. ಒಣಗಿದ ಮಣ್ಣು ಎಷ್ಟು ಭಾರವನ್ನಾದರೂ ತಾಳುತ್ತದೆ, ನೆನೆದ ಮಣ್ಣು ಸೈಕಲ್ಲಿಗೂ ಕುಸಿಯುತ್ತದೆ. ಆದ್ದರಿಂದ ರಸ್ತೆ ನಡುವೆ ಉಬ್ಬಿರಬೇಕು, ಎರಡೂ ಬದಿ ಚರಂಡಿ ಇರಬೇಕು, ಹಳ್ಳ ಅಡ್ಡ ಬಂದಲ್ಲಿ ಮೋರಿ ಇರಬೇಕು. ೨೦೨೧ರ ನವೆಂಬರ್‌ನಲ್ಲಿ ಸುರಿದ ಮಳೆಯಲ್ಲಿ ನಮ್ಮ ಜಿಲ್ಲೆಯ ರಾಗಿ, ಟೊಮೆಟೊ ಜೊತೆಗೆ ರಸ್ತೆಗಳೂ ಹಾಳಾದವು. ನೀರು ಹೋಗುವ ಜಾಗ ಮುಚ್ಚಿದ್ದ ಕಡೆ ರಸ್ತೆಯೇ ಕಾಲುವೆಯಾಯಿತು.

ನಮ್ಮದು ಕೆರೆಗಳ ಸೀಮೆ. ರಾಜಕಾಲುವೆಗೆ ಅಡ್ಡವಾಗಿ ಮೋರಿ ಇಲ್ಲದೆ ಮಣ್ಣು ಸುರಿದು ದಾರಿ ಮಾಡಿದರೆ ಒಬ್ಬರ ಟೊಮೆಟೊ ಮಂಡಿಗೆ ಹೋಗುತ್ತದೆ, ಹತ್ತು ಜನರ ಕೆರೆ ಬತ್ತುತ್ತದೆ. ಎರಡು ಸಾಲು ಸಿಮೆಂಟ್ ಪೈಪು ಹಾಕುವ ಖರ್ಚನ್ನು ಎಂದೂ ಉಳಿಸಬೇಡಿ.

ಗ್ರಾಮ ಸಡಕ್ ಯೋಜನೆಯ ರಸ್ತೆಯನ್ನು ಐದು ವರ್ಷ ನಿರ್ವಹಿಸುವ ಹೊಣೆ ಗುತ್ತಿಗೆಯಲ್ಲೇ ಕಂಟ್ರಾಕ್ಟರಿಗೆ ಸೇರಿರುತ್ತದೆ. ರಸ್ತೆಯ ಪಕ್ಕದ ಫಲಕದಲ್ಲಿ ಕೆಲಸ ಮುಗಿದ ದಿನ, ನಿರ್ವಹಣೆಯ ಅವಧಿ ಬರೆದಿರುತ್ತಾರೆ. ಅದನ್ನು ಓದಿ, ಅವಧಿಯೊಳಗೆ ಗುಂಡಿ ಬಿದ್ದರೆ ಬರವಣಿಗೆಯಲ್ಲಿ ಕೇಳಿ. ಚರಂಡಿಗೆ ಮಣ್ಣು ತುಂಬಿ ಗೇಟು ಮಾಡಿಕೊಂಡವರು ನಮ್ಮಲ್ಲೇ ಇದ್ದರೆ ಮೊದಲು ಅದನ್ನು ತೆಗೆಸಿ. ಆಗ ನಮ್ಮ ಮಾತಿಗೆ ಬೆಲೆ ಬರುತ್ತದೆ.

ನಾವು ಮಾಡಬಹುದಾದದ್ದು

ಕೊನೆಗೆ ನಾಲ್ಕು ಸಲಹೆ ಕೊಡುತ್ತೇನೆ. ನಾಲ್ಕಕ್ಕೂ ದೊಡ್ಡ ಹಣ ಬೇಕಿಲ್ಲ.

ಒಂದು, ಪ್ರತಿ ಊರಿನಲ್ಲೂ ಗ್ರಾಮ ನಕಾಶೆಯ ಪ್ರತಿ ತರಿಸಿ. ಹಿರಿಯರನ್ನು, ಹಿಂದಿನ ಹೊಲದವರನ್ನು, ಹೆಣ್ಣುಮಕ್ಕಳನ್ನು ಜೊತೆಗೆ ಕರೆದುಕೊಂಡು ನಕಾಶೆಯ ದಾರಿಗಳನ್ನು ಒಂದು ದಿನ ನಡೆದು ನೋಡಿ. ಎಲ್ಲಿ ದಾರಿ ಇದೆ, ಎಲ್ಲಿ ಹೋಗಿದೆ ಎಂದು ಗುರುತು ಹಾಕಿ. ಜಗಳಕ್ಕಾಗಿ ಹೋಗಬೇಡಿ, ತಿಳಿಯುವುದಕ್ಕಾಗಿ ಹೋಗಿ.

ಎರಡು, ನಕಾಶೆಯ ದಾರಿಯನ್ನು ಒತ್ತಿಕೊಂಡವರು ನಮ್ಮ ಸಂಗಮದವರಾಗಿದ್ದರೆ ತಾವಾಗಿಯೇ ಬಿಟ್ಟುಕೊಡಲಿ. ತಹಸೀಲ್ದಾರರ ನೋಟಿಸು ಬರುವವರೆಗೆ ಕಾಯುವುದು ನಮಗೆ ಶೋಭೆಯಲ್ಲ. ನಕಾಶೆಯಲ್ಲಿ ದಾರಿಯೇ ಇಲ್ಲದ ಕಡೆ ಸೇರಿ ಬಿಡಬೇಕು. ಹಿಂದಿನ ಲೆಕ್ಕವನ್ನೇ ತೆಗೆದುಕೊಳ್ಳಿ. ೬೦೦ ಮೀಟರ್ ಉದ್ದ, 
ಹತ್ತು ಅಡಿ ಅಗಲದ ದಾರಿಗೆ ಬೇಕಾಗುವುದು ೧೮ ಗುಂಟೆ. ಒಂಬತ್ತು ಜನರ ಹೊಲ ಸಿಗುವುದಾದರೆ ತಲಾ ೨ ಗುಂಟೆ. ಬದುವಿನ ಎರಡೂ ಕಡೆಯವರು ಐದೈದು ಅಡಿ ಬಿಟ್ಟರೆ ಇನ್ನೂ ಹಗುರ. ಒಳಗಿನ ಮೂವತ್ತು ನಲವತ್ತು ಎಕರೆ ಅದರಿಂದ ತೆರೆದುಕೊಳ್ಳುತ್ತದೆ. ದಾಸೋಹ ಎಂದರೆ ಅನ್ನ ಇಕ್ಕುವುದು ಎಂದು ತಿಳಿದಿದ್ದೇವೆ. ಎರಡು ಗುಂಟೆ ದಾರಿ ಬಿಟ್ಟರೆ ಇನ್ನೊಬ್ಬನು ತನ್ನ ಅನ್ನವನ್ನು ತಾನೇ ದುಡಿದು ಉಣ್ಣುತ್ತಾನೆ. ಅದೂ ದಾಸೋಹವೇ.

ಮೂರು, ಬಿಟ್ಟ ದಾರಿಯನ್ನು ಬರೆಸಿ. ಪಾಲುಪಟ್ಟಿ ಮಾಡುವಾಗ, ಕ್ರಯಪತ್ರ ಮಾಡುವಾಗ ಚೆಕ್ಕುಬಂದಿಯಲ್ಲಿ ದಾರಿಯ ಅಗಲ, ಉದ್ದ, ಯಾವ ದಿಕ್ಕು ಎಂಬುದು ಬರಲಿ. ಸರ್ವೆಯರು ೧೧ಇ ನಕ್ಷೆ ಮಾಡುವಾಗ ಪಕ್ಕದಲ್ಲೇ ನಿಂತು ದಾರಿಯನ್ನು ತೋರಿಸಿ. ಇವತ್ತಿನ ಸ್ನೇಹ ಮಕ್ಕಳ ಕಾಲಕ್ಕೆ ಉಳಿಯಬೇಕಾದರೆ ಅದು ಕಾಗದದ ಮೇಲೆ ಇರಬೇಕು. ಅಣ್ಣತಮ್ಮಂದಿರ ನಡುವೆ ಕಾಗದ ಯಾಕೆ ಎನ್ನಬೇಡಿ. ಕಾಗದ ಇದ್ದರೆ ಅಣ್ಣತಮ್ಮಂದಿರಾಗಿಯೇ ಉಳಿಯುತ್ತೀರಿ.

ನಾಲ್ಕು, ಗ್ರಾಮಸಭೆಗೆ ಹೋಗಿ. ಉದ್ಯೋಗ ಖಾತ್ರಿಯಲ್ಲಿ ಹೊಲದ ದಾರಿ ಮಾಡಿಸಿಕೊಂಡ ಊರುಗಳು ನಮ್ಮ ರಾಜ್ಯದಲ್ಲಿ ಬಹಳ ಇವೆ. ಅಂಥ ಕೆಲಸಕ್ಕೆ ಪಂಚಾಯ್ತಿಯವರು ಮೊದಲು ಕೇಳುವುದು ಜಮೀನಿನವರ ಒಪ್ಪಿಗೆ ಪತ್ರ. ಹಣ ಬಂದು, ಒಪ್ಪಿಗೆ ಸಿಗದೆ ವಾಪಸು ಹೋದ ಕೆಲಸಗಳಿವೆ. ಒಪ್ಪಿಗೆ ಪತ್ರಗಳನ್ನು ಕೈಯಲ್ಲಿ ಹಿಡಿದುಕೊಂಡು ಹೋದವರ ಕೆಲಸ ಮೊದಲು ಆಗುತ್ತದೆ. ಹೊಲದ ದಾರಿಗೆ ಡಾಂಬರು ಕೇಳಬೇಡಿ. ಮೊರಂ ಹಾಸಿ, ನೀರು ಚಿಮುಕಿಸಿ, ರೋಲರ್ ಓಡಿಸಿ, ಬದಿಗೆ ಚರಂಡಿ ತೆಗೆದರೆ ಟ್ರಾಕ್ಟರಿಗೆ, ಟೆಂಪೊಗೆ ಸಾಕು. ಪ್ರತಿ ವರ್ಷ ಮುಂಗಾರಿಗೆ ಮೊದಲು ಒಂದು ದಿನ ದಾರಿಯವರೆಲ್ಲ ಸೇರಿ ಚರಂಡಿ ಎತ್ತಿ, ಗುಂಡಿ ಮುಚ್ಚಿದರೆ ಆ ದಾರಿ ಹತ್ತಾರು ವರ್ಷ ನಿಲ್ಲುತ್ತದೆ.

ಶರಣ ಬಂಧುಗಳೇ, ಹೆದ್ದಾರಿಯನ್ನು ಸರ್ಕಾರ ಮಾಡುತ್ತದೆ, ಊರಿನ ರಸ್ತೆಯನ್ನು ನಮ್ಮ ಇಲಾಖೆ ಮಾಡಿದೆ. ಡಾಂಬರು ಮುಗಿದು ಬದು ಶುರುವಾಗುವಲ್ಲಿಂದ ಮುಂದಿನ ದಾರಿಯನ್ನು ಯಾವ ಇಂಜಿನಿಯರೂ ಒಬ್ಬನೇ ಮಾಡಲಾರ. ನೆಲ ನಿಮ್ಮದು, ಒಪ್ಪಿಗೆ ನಿಮ್ಮದು. ಅಳತೆ ಹಾಕಲು, ಅಂದಾಜು ಪಟ್ಟಿ ಬರೆಯಲು, ಮೋರಿ ಎಲ್ಲಿ ಬರಬೇಕು ಎಂದು ತೋರಿಸಲು ನನ್ನಂಥ ನಿವೃತ್ತರು ಪ್ರತಿ ತಾಲ್ಲೂಕಿನಲ್ಲೂ ಇದ್ದೇವೆ. ಕರೆದರೆ ಬರುತ್ತೇವೆ, ಸಂಭಾವನೆ ಬೇಡ. ಮುಂದಿನ ತಿಂಗಳ ಸಂಗಮದ ಹೊತ್ತಿಗೆ ಈ ಹೋಬಳಿಯ ಯಾವುದಾದರೂ ಒಂದು ಊರಿನವರು ನಕಾಶೆ ಹಿಡಿದು ಬಂದರೆ, ಅವತ್ತು ಉಪನ್ಯಾಸ ಬಿಟ್ಟು ಎಲ್ಲರೂ ಆ ದಾರಿಯನ್ನು ನಡೆದು ನೋಡೋಣ.